ದೀಪ ದೊಡ್ಡದು ಮಾಡಿ

“ಯಜಮಾನರೇ, ಟಾರ್ಚ್ ಆರಿಸಿ.”

ತಮಿಳುನಾಡಿನ ಕಾವಲೂರಿನಲ್ಲಿ ನಕ್ಷತ್ರ ನೋಡುವ ವೀಕ್ಷಣಾಲಯದ ಕಾವಲುಗಾರ ಅಪ್ಪನಿಗೆ ಹೇಳಿದ ಈ ಮೂರು ಮಾತು ಶನಿವಾರದಿಂದ ನನ್ನ ಕಿವಿ ಬಿಟ್ಟು ಹೋಗಿಲ್ಲ. ಆತ ಒರಟಾಗಿಯೇನೂ ಹೇಳಲಿಲ್ಲ. ಬೆಂಗಳೂರಿನಲ್ಲಿ ಕೆಲವು ವರ್ಷ ದುಡಿದಿದ್ದನಂತೆ, ತಮಿಳಿನ ಎಳೆ ಸೇರಿದ ಒಳ್ಳೆಯ ಕನ್ನಡ ಅವನದು. ಆದರೆ ಹೇಳಿಸಿಕೊಂಡವರು ನನ್ನ ಅಪ್ಪ. ಮೂವತ್ತನಾಲ್ಕು ವರ್ಷ ಕೆಇಬಿಯಲ್ಲಿ ಲೈನ್‌ಮನ್ ಆಗಿದ್ದವರು. ನಿವೃತ್ತರಾಗಿ ಹದಿನೈದು ವರ್ಷವಾದರೂ ಮೂರು ಸೆಲ್ಲಿನ ಟಾರ್ಚ್ ಇಲ್ಲದೆ ಹೊಸಿಲು ದಾಟದವರು. ಮದುವೆ ಮನೆಗೂ ಅದನ್ನು ಕಂಕುಳಲ್ಲಿ ಇಟ್ಟುಕೊಂಡೇ ಹೋಗುತ್ತಾರೆ.

ಅಪ್ಪ ಟಾರ್ಚ್ ಆರಿಸಲಿಲ್ಲ. ಅದರ ಬೆಳಕನ್ನು ನೆಲಕ್ಕೆ ಬಗ್ಗಿಸಿ, “ಮೆಟ್ಟಿಲು ಕಾಣಬೇಡವೇನಪ್ಪಾ?” ಎಂದರು.

“ಹತ್ತು ನಿಮಿಷ ನಿಂತಿರಿ ಯಜಮಾನರೇ, ತಾನೇ ಕಾಣುತ್ತದೆ.”

ನಮ್ಮಜ್ಜಿ ಇದ್ದಿದ್ದರೆ ಅವನಿಗೆ ಅಲ್ಲೇ ಪಾಠವಾಗುತ್ತಿತ್ತು. ನಮ್ಮ ಮನೆಯಲ್ಲಿ ದೀಪ ‘ಆರಿಸು’ ಎನ್ನುವ ಹಾಗಿರಲಿಲ್ಲ, ‘ದೊಡ್ಡದು ಮಾಡು’ ಎನ್ನಬೇಕಿತ್ತು. ಆರಿಸುವುದನ್ನೇ ದೊಡ್ಡದು ಮಾಡುವುದು ಎನ್ನುತ್ತಾರಲ್ಲ ಎಂದು ಚಿಕ್ಕಂದಿನಲ್ಲಿ ನಾವು ನಗುತ್ತಿದ್ದೆವು.

ಬೆಂಗಳೂರಿನಿಂದ ಹೊಸೂರು, ಕೃಷ್ಣಗಿರಿ ದಾಟಿ ವಾಣಿಯಂಬಾಡಿಯ ಬಳಿ ಹೆದ್ದಾರಿ ಬಿಟ್ಟು ಜವಾದಿ ಬೆಟ್ಟ ಹತ್ತಿದರೆ ಕಾವಲೂರು. ಈ ವೀಕ್ಷಣಾಲಯವನ್ನು ನಡೆಸುವುದು ನಮ್ಮ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯೇ. ಅಪ್ಪನನ್ನು ಕರೆದೊಯ್ಯುವ ಉಪಾಯ ನನ್ನದಲ್ಲ, ತಮ್ಮನದು. ಉಪಾಯ ಹೇಳಿದ್ದು ಬಿಟ್ಟರೆ ಅವನು ಬೇರೇನೂ ಮಾಡಲಿಲ್ಲ. ಮೊಬೈಲ್‌ನಲ್ಲಿ ಆಕಾಶದ ಫೋಟೊ ತೆಗೆಯಲು ಹೋಗಿ ಫ್ಲ್ಯಾಷ್ ಹೊಡೆಸಿ, ಕತ್ತಲಿಗೆ ಕಣ್ಣು ಹೊಂದಿಸಿಕೊಂಡು ನಿಂತಿದ್ದ ಅಷ್ಟೂ ಜನರಿಂದ ಬೈಸಿಕೊಂಡ. ಅವನಿಗೆ ಹಾಗೇ ಆಗಬೇಕಿತ್ತು.

ತೋರಿಸಲು ಬಂದ ಹುಡುಗ ಮಾತ್ರ ಚಿನ್ನದಂಥವನು. ಅವನ ಟಾರ್ಚಿನ ಬಾಯಿಗೆ ಕೆಂಪು ಕಾಗದ ಕಟ್ಟಿತ್ತು. ಕತ್ತಲಿಗೆ ಪೂರ್ತಿ ಪಳಗಲು ಕಣ್ಣಿಗೆ ಇಪ್ಪತ್ತು ಮೂವತ್ತು ನಿಮಿಷ ಬೇಕು, ಬಿಳಿ ಬೆಳಕು ಬಿದ್ದರೆ ಕ್ಷಣದಲ್ಲಿ ಎಲ್ಲ ಹಾಳು, ಮಂದವಾದ ಕೆಂಪು ಅಷ್ಟು ಕೆಡಿಸುವುದಿಲ್ಲ ಎಂದ. ಅಪ್ಪ ಆ ಟಾರ್ಚನ್ನು ಇಸಿದುಕೊಂಡು ತಿರುಗಿಸಿ ನೋಡಿದರು. ಕಸುಬಿನವರು ಇನ್ನೊಬ್ಬ ಕಸುಬಿನವನ ಹತಾರ ನೋಡುವ ಬಗೆಯೇ ಬೇರೆ.

ಸಣ್ಣ ದೂರದರ್ಶಕದಲ್ಲಿ ಗುರುಗ್ರಹವನ್ನು ಇಟ್ಟಿದ್ದರು. ಹಣೆಯ ವಿಭೂತಿಯಂತೆ ಎರಡು ಪಟ್ಟೆ, ಪಕ್ಕದಲ್ಲಿ ಸಾಲಾಗಿ ನಾಲ್ಕು ಚುಕ್ಕೆ, ಗುರುವಿನ ಚಂದ್ರರು. ಅದರಲ್ಲೊಂದು ಗ್ಯಾನಿಮೀಡ್. 1972ರಲ್ಲಿ ಅದು ನಕ್ಷತ್ರವೊಂದನ್ನು ಮರೆ ಮಾಡುವುದನ್ನು ಇದೇ ಆವರಣದ ಒಂದು ಮೀಟರ್ ದೂರದರ್ಶಕದಿಂದ ನೋಡಿದ್ದರು. ಆ ಚಂದ್ರನಿಗೆ ತೆಳುವಾದ ವಾತಾವರಣ ಇದೆಯೆಂಬ ಸುಳಿವು ಸಿಕ್ಕಿದ್ದು ಆಗ ಎಂದು ಹುಡುಗ ಒಂದೇ ಉಸಿರಿನಲ್ಲಿ ಹೇಳಿದ. ಆಮೇಲೆ ಯುರೇನಸ್ಸಿನ ಕತೆ. 1977ರ ಮಾರ್ಚ್ 10ರಂದು ಯುರೇನಸ್ ಒಂದು ನಕ್ಷತ್ರದ ಮುಂದೆ ಹಾದುಹೋಗುವುದಿತ್ತು. ಗ್ರಹ ಅಡ್ಡ ಬರಲು ಇನ್ನೂ ಹೊತ್ತಿರುವಾಗಲೇ ನಕ್ಷತ್ರದ ಬೆಳಕು ಕೆಲವು ಸೆಕೆಂಡು ಕುಗ್ಗಿ ಮತ್ತೆ ಸರಿಯಾಯಿತು. ಇಲ್ಲಿಯವರು ಅದು ಹೊಸ ಉಪಗ್ರಹದ ಕೆಲಸ ಎಂದುಕೊಂಡರು. ಅದೇ ರಾತ್ರಿ ವಿಮಾನದಲ್ಲಿ ದೂರದರ್ಶಕ ಇಟ್ಟುಕೊಂಡು ಹಾರಿದ ಅಮೆರಿಕದವರಿಗೆ ಗ್ರಹದ ಎರಡೂ ಬದಿಯಲ್ಲಿ ಅಂಥವೇ ಕುಗ್ಗುಗಳು ಕಂಡವು. ಅಡ್ಡ ಬಂದದ್ದು ಉಂಗುರಗಳು.

ನನಗೆ ಇದು ಅರಗುವ ಮೊದಲೇ ಅಪ್ಪ ತಲೆಯಾಡಿಸಿದರು. “ನಾವೂ ಹಾಗೇ ಹಿಡಿಯುತ್ತಿದ್ದದ್ದು. ಬಲ್ಬು ಮಿಣುಕಿತು ಎಂದರೆ ತಪ್ಪು ಬಲ್ಬಿನದ್ದಲ್ಲ, ನಡುವೆ ಎಲ್ಲೋ ಏನೋ ಇದೆ. ಕೊಂಬೆಯೋ, ಲೂಸಾದ ಜಂಪರ್ ತಂತಿಯೋ.”

ಹುಡುಗ ಬೆರಗಾಗಿ ಅವರನ್ನೇ ನೋಡಿದ. ನನಗೆ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ. ಊರಿನಲ್ಲಿ ಅಪ್ಪ ಯಾರ ಬಾಯಲ್ಲೂ ‘ಕಂಬ ಹತ್ತುವವರು’ ಎನ್ನುವುದಕ್ಕಿಂತ ಮೇಲೇರಿದವರಲ್ಲ. ಅದರಲ್ಲೂ ನಮ್ಮ ಸೋದರಮಾವನ ಬಾಯಲ್ಲಿ.

ದೊಡ್ಡ ಗುಮ್ಮಟದಲ್ಲಿ ಕೆಲಸ ನಡೆದಿತ್ತು, ನಾವು ಹೊರಗೇ ನಿಂತೆವು. ಅಲ್ಲಿರುವುದು 2.3 ಮೀಟರ್ ಕನ್ನಡಿಯ ದೂರದರ್ಶಕ. ಅದನ್ನು ಕಟ್ಟಲು ಹಟ ಹಿಡಿದ ಖಗೋಳ ವಿಜ್ಞಾನಿ ವೈನು ಬಪ್ಪು 1982ರಲ್ಲೇ ತೀರಿಕೊಂಡರು. 1986ರ ಜನವರಿಯಲ್ಲಿ ಉದ್ಘಾಟನೆಯಾದಾಗ ಅದಕ್ಕೆ ಅವರ ಹೆಸರಿಟ್ಟರು. ಬಪ್ಪು ಅರವತ್ತರ ದಶಕದಲ್ಲಿ ಹುಡುಕಿ ಹುಡುಕಿ ಈ ಕಾಡನ್ನು ಆರಿಸಿಕೊಂಡದ್ದರ ಹಿಂದೆ ಕತ್ತಲೂ ಒಂದು ಕಾರಣ. ಸಮಭಾಜಕದ ಉತ್ತರಕ್ಕೆ ಹನ್ನೆರಡೂವರೆ ಡಿಗ್ರಿಯಲ್ಲಿರುವುದರಿಂದ ದಕ್ಷಿಣದ ನಕ್ಷತ್ರಗಳೂ ಬಹುಪಾಲು ಸಿಗುತ್ತವೆ. ಆ ರಾತ್ರಿ ಅಗಸ್ತ್ಯ ನಕ್ಷತ್ರ ಮರಗಳ ಮೇಲೆ ನಿಚ್ಚಳವಾಗಿ ಇತ್ತು. ಆದರೆ ಕೆಳಗಿನ ಊರುಗಳ ಕಡೆಗೆ ಆಕಾಶದ ಅಂಚು ಹಾಲು ಚೆಲ್ಲಿ ಒರೆಸಿದಂತೆ ಬಿಳಿಚಿಕೊಂಡಿತ್ತು. “ಅದು?” ಎಂದರು ಅಪ್ಪ. ಹುಡುಗ “ಬೀದಿ ದೀಪ” ಎಂದ.

ಅಪ್ಪ ಆಮೇಲೆ ಮಾತಾಡಿದ್ದು ಕಾರಿನಲ್ಲಿ, ಕೃಷ್ಣಗಿರಿ ದಾಟಿದ ಮೇಲೆ. ಭಾಗ್ಯಜ್ಯೋತಿಯ ಕಾಲದಲ್ಲಿ ಹಾಸನದ ಕಡೆಯ ಒಂದು ಹಟ್ಟಿಯಲ್ಲಿ ಮನೆಗೊಂದು ಬಲ್ಬು ಹಾಕುತ್ತಾ ಹೋದದ್ದು, ಒಂದು ಮನೆಯಲ್ಲಿ ಬಲ್ಬು ಹತ್ತಿದ ಕೂಡಲೇ ಮುದುಕಿಯೊಬ್ಬಳು ಬೆಳಕನ್ನು ನೋಡದೆ ಗೋಡೆಯ ಮಸಿ ನೋಡಿ ನಾಚಿದ್ದು, ಇವರ ಎದುರೇ ಪೊರಕೆ ಹಿಡಿದು ನಿಂತದ್ದು. ಇದನ್ನು ನೂರು ಸಲ ಕೇಳಿದ್ದೇವೆ. ಈ ಸಲ ಅದರ ಬಾಲಕ್ಕೆ ಹೊಸದೊಂದು ಸೇರಿತು. “ಆಗ ಬೀದಿ ಬಲ್ಬಿನ ಮೇಲೆ ಒಂದು ತಗಡಿನ ತಟ್ಟೆ ಇರುತ್ತಿತ್ತು. ಬೆಳಕು ದಾರಿಗೆ ಬೀಳುತ್ತಿತ್ತು, ನೆತ್ತಿಗೆ ಹೋಗುತ್ತಿರಲಿಲ್ಲ. ಈಗ ಪಾರ್ಕಿನಲ್ಲಿ ಗುಂಡು ಗುಂಡು ಬುರುಡೆ ನಿಲ್ಲಿಸಿದ್ದಾರಲ್ಲ, ಅರ್ಧ ಕರೆಂಟು ದೇವರಿಗೆ.”

ಎಲ್‌ಇಡಿಯನ್ನು ನಾನು ಇಲ್ಲಿಯವರೆಗೆ ಉಳಿತಾಯ ಎಂದಷ್ಟೇ ತಿಳಿದಿದ್ದೆ. ಬಿಳಿ ಎಲ್‌ಇಡಿಯಲ್ಲಿ ನೀಲಿಯ ಪಾಲು ಹೆಚ್ಚು, ನೀಲಿ ಗಾಳಿಯಲ್ಲಿ ಹೆಚ್ಚು ಚದುರುತ್ತದೆ. ಹಗಲಿನ ಆಕಾಶ ನೀಲಿಯಾಗಿರುವ ಕಾರಣವೇ ರಾತ್ರಿಯ ಆಕಾಶವನ್ನು ತೊಳೆದುಹಾಕುತ್ತಿದೆ. ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿ, ಇದೇ ಸಂಸ್ಥೆಯ ಇನ್ನೊಂದು ದೂರದರ್ಶಕವಿದೆ. ಅಲ್ಲಿಯ ಹಳ್ಳಿಗರು ಕಿಟಕಿಗೆ ದಪ್ಪ ಪರದೆ ಹಾಕಿ ಕತ್ತಲನ್ನು ಕಾಯುತ್ತಾರೆ. ಆ ದೂರದರ್ಶಕವನ್ನು ಉಪಗ್ರಹದ ಮೂಲಕ ನಡೆಸುವುದು ಹೊಸಕೋಟೆಯಿಂದ. ನಮ್ಮ ಕಾರು ಅದೇ ಹೊಸಕೋಟೆಯತ್ತ ಬೆಳಗುತ್ತಿದ್ದ ಆಕಾಶವನ್ನು ಬಲಕ್ಕೆ ಬಿಟ್ಟು ಮನೆಗೆ ಬಂತು.

ಅಪ್ಪನಿಗೆ ಅವಮಾನವಾಯಿತೇ ಎಂದು ನಾನು ಇನ್ನೂ ಯೋಚಿಸುತ್ತಿದ್ದೇನೆ. ‘ಟಾರ್ಚ್ ಆರಿಸಿ’ ಎಂದಾಗ ಅವರ ಮುಖ ನನಗೆ ಕಾಣಲಿಲ್ಲ. ಕಂಡದ್ದು ಕೈ ಮಾತ್ರ. ಸ್ವಿಚ್ಚಿನ ಮೇಲೆ ಹೆಬ್ಬೆರಳು, ಒತ್ತಲೋ ಬೇಡವೋ ಎಂದು ಒಂದು ಗಳಿಗೆ. ಬೆಳಕಿಲ್ಲದ ಮನೆಗಳಿಗೆ ಬೆಳಕು ಕೊಟ್ಟದ್ದು ತಪ್ಪೆಂದು ಯಾವ ವಿಜ್ಞಾನಿಯೂ ಹೇಳಲಾರ, ಹೇಳಿದರೆ ಆ ಮುದುಕಿಯ ಪೊರಕೆ ಇದೆ. ಆದರೆ ಅವಳ ಹಟ್ಟಿಯಲ್ಲಿ ಆ ರಾತ್ರಿ ಹೊರಗೆ ಬಂದಿದ್ದರೆ ಕಾಣುತ್ತಿದ್ದ ಆಕಾಶವನ್ನು ನೋಡಲು ಈಗ ನಾವು ಡೀಸೆಲ್ ಸುಟ್ಟು ಇನ್ನೊಂದು ರಾಜ್ಯದ ಬೆಟ್ಟ ಹತ್ತಬೇಕಾಯಿತಲ್ಲ.

ನಿನ್ನೆ ರಾತ್ರಿ ಊರಿನಿಂದ ಅಮ್ಮನ ಫೋನು. ಅಪ್ಪ ಅಂಗಳದ ದೀಪ ಆರಿಸಿ ಹಿತ್ತಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಾರಂತೆ. “ಹಾವು ಹುಪ್ಪಟೆ ಓಡಾಡುವ ಜಾಗ. ಕೇಳಿದರೆ ದೀಪ ದೊಡ್ಡದು ಮಾಡಿದ್ದೇನೆ ಎನ್ನುತ್ತಾರೆ. ಅದಿರಲಿ, ಗೌರಿ ಹಬ್ಬಕ್ಕೆ ಬಂದ ಕೆಂಪು ರವಿಕೆ ಕಣ ಕಾಣುತ್ತಿಲ್ಲ, ನೀನೇನಾದರೂ ಒಯ್ದೆಯಾ?”

ನಾನು ಒಯ್ದಿರಲಿಲ್ಲ. ಅಪ್ಪನ ಟಾರ್ಚಿನ ಬಾಯಿ ನೋಡು ಎಂದು ಹೇಳಲೂ ಇಲ್ಲ.