ಜೆಬಿಎಲ್ ಫ್ಲಿಪ್ 5: ತಂಬೂರಿಯ ಮಂದ್ರ ಕೇಳಿಸುತ್ತದೆಯೇ?

ಬ್ಲೂಟೂತ್ ಸ್ಪೀಕರ್‌ಗಳ ವಿಮರ್ಶೆಗಳಲ್ಲಿ ಹೆಚ್ಚಾಗಿ ಚರ್ಚೆಯಾಗುವುದು ಡ್ರಮ್ಮಿನ ಗುದ್ದು ಎಷ್ಟು ಜೋರಾಗಿದೆ ಎಂಬುದು. ಶಾಸ್ತ್ರೀಯ ಸಂಗೀತ ಕೇಳುವವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಆದ್ದರಿಂದ 2019ರಲ್ಲಿ ಮಾರುಕಟ್ಟೆಗೆ ಬಂದ ಜೆಬಿಎಲ್ ಫ್ಲಿಪ್ 5 ಸ್ಪೀಕರನ್ನು ನಾನು ತಂಬೂರಿ, ಮೃದಂಗ ಮತ್ತು ಗಾಯನವನ್ನು ಕೇಳಿಯೇ ಅಳೆದಿದ್ದೇನೆ.

ತಯಾರಕರು ಕೊಡುವ ಅಂಕಿಗಳಂತೆ ಇದು ನುಡಿಸಬಲ್ಲ ಕಂಪನಾಂಕಗಳ ವ್ಯಾಪ್ತಿ 65 ಹರ್ಟ್ಜ್‌ನಿಂದ (ಸೆಕೆಂಡಿಗೆ 65 ಕಂಪನ) 20 ಕಿಲೋಹರ್ಟ್ಜ್‌ವರೆಗೆ. ಬಿಳಿ ಒಂದರ (ಹಾರ್ಮೋನಿಯಂನ ಸಿ ಸ್ವರದ) ಶ್ರುತಿಗೆ ಕೂಡಿಸಿದ ಗಂಡು ತಂಬೂರಿಯಲ್ಲಿ ನಡುವಿನ ಎರಡು ತಂತಿಗಳು ಸುಮಾರು 131 ಹರ್ಟ್ಜ್‌ನಲ್ಲಿಯೂ ಮಂದ್ರದ ತಂತಿ ಅದರ ಅರ್ಧದಲ್ಲಿ, ಎಂದರೆ ಸರಿಸುಮಾರು 65 ಹರ್ಟ್ಜ್‌ನಲ್ಲಿಯೂ ಮಿಡಿಯುವುದರಿಂದ, ಮಂದ್ರ ಷಡ್ಜವು ಈ ಸ್ಪೀಕರಿನ ಶಕ್ತಿ ಮುಗಿಯುವ ಅಂಚಿನಲ್ಲೇ ಬಂದು ನಿಲ್ಲುತ್ತದೆ. ಹಾಗಿದ್ದೂ ಆ ಸ್ವರ ಕೇಳಿಸುತ್ತದೆ. ಮೂಲ ಕಂಪನ ಕ್ಷೀಣವಾಗಿದ್ದರೂ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನಾಂಕದ ಹಾರ್ಮೋನಿಕ್‌ಗಳು ಸ್ಪಷ್ಟವಾಗಿದ್ದರೆ ಮಿದುಳು ಕೆಳಗಿನ ಸ್ವರವನ್ನು ತಾನೇ ತುಂಬಿಕೊಳ್ಳುತ್ತದೆ, ಮತ್ತು ತಂಬೂರಿಯ ಝೇಂಕಾರವೆಂಬುದು ಈ ಹಾರ್ಮೋನಿಕ್‌ಗಳ ಸಮೃದ್ಧಿಯೇ ಆಗಿದೆ. ಮೃದಂಗದ ಎಡಭಾಗಕ್ಕೆ ಈ ಅನುಕೂಲ ಅಷ್ಟಾಗಿ ದೊರೆಯುವುದಿಲ್ಲ. ಪೆಟ್ಟು ಬಿದ್ದದ್ದು ತಿಳಿಯುತ್ತದೆ, ಅದರ ಗಾತ್ರ ತಿಳಿಯುವುದಿಲ್ಲ. ಸ್ಪೀಕರನ್ನು ಗೋಡೆಯ ಮೂಲೆಗೆ ಸರಿಸಿಟ್ಟರೆ ಸ್ವಲ್ಪ ತುಂಬುತನ ಬರುತ್ತದೆ. ಗಾಯಕರ ಧ್ವನಿಯಂತೂ ಮಧ್ಯಮ ಮಟ್ಟದ ವಾಲ್ಯೂಮಿನಲ್ಲಿ ಸ್ವಚ್ಛವಾಗಿ, ಸಾಹಿತ್ಯದ ಅಕ್ಷರಗಳು ಬಿಡಿಬಿಡಿಯಾಗಿ ಕೇಳುವಂತೆ ಬರುತ್ತದೆ.

ಒಳಗಿರುವುದು 44 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದದ ಒಂದೇ ಡ್ರೈವರ್ (ಧ್ವನಿ ಹೊರಡಿಸುವ ಭಾಗ), ಅದಕ್ಕೆ 20 ವಾಟ್ ಶಕ್ತಿ. ಹೀಗಾಗಿ ಒಂದೇ ಸ್ಪೀಕರಿನಿಂದ ಸ್ಟೀರಿಯೊ ಸಿಗದು. ಕಛೇರಿಯ ಧ್ವನಿಮುದ್ರಣದಲ್ಲಿ ಒಂದು ಬದಿಗಿರುವ ಪಿಟೀಲೂ ಇನ್ನೊಂದು ಬದಿಗಿರುವ ಮೃದಂಗವೂ ಒಂದೇ ಬಿಂದುವಿನಿಂದ ಹೊರಡುತ್ತವೆ.

ಉಳಿದ ಸೌಲಭ್ಯಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ತೂಕ ಅರ್ಧ ಕಿಲೋಗಿಂತ ತುಸು ಹೆಚ್ಚು, ಚಾರ್ಜಿಂಗ್ ಟೈಪ್-ಸಿ ಕೇಬಲ್ಲಿನಿಂದ, ತಯಾರಕರ ಲೆಕ್ಕದಲ್ಲಿ ಬ್ಯಾಟರಿ 12 ಗಂಟೆ. ಐಪಿಎಕ್ಸ್7 ಎಂಬ ಗುರುತು ಒಂದು ಮೀಟರ್ ಆಳದ ಸಿಹಿನೀರಿನಲ್ಲಿ ಅರ್ಧ ಗಂಟೆಯವರೆಗಿನ ಮುಳುಗಡೆಗೆ ಸಂಬಂಧಿಸಿದ್ದು. ಅದರಲ್ಲಿರುವ ಎಕ್ಸ್ ಅಕ್ಷರಕ್ಕೆ ಧೂಳಿನ ಬಗ್ಗೆ ಯಾವ ಭರವಸೆಯೂ ಇಲ್ಲವೆಂದು ಅರ್ಥ, ಇದನ್ನು ಅಂಗಡಿಯವರು ವಿವರಿಸುವುದು ಅಪರೂಪ. ಮೈಕ್ ಇಲ್ಲ, ಫೋನನ್ನು ತಂತಿಯಿಂದ ಜೋಡಿಸುವ ಆಕ್ಸ್ ಪಿನ್ನಿಗೆ ಜಾಗವೂ ಇಲ್ಲ. ಈ ಎರಡನೆಯ ಕೊರತೆ ಸಂಗೀತ ಕಲಿಯುವವರಿಗೆ ಮುಖ್ಯವಾದದ್ದು, ಏಕೆಂದರೆ ಬ್ಲೂಟೂತ್‌ನಲ್ಲಿ ಧ್ವನಿ ಕ್ಷಣದ ಒಂದು ಅಂಶದಷ್ಟು ತಡವಾಗಿ ಬರುವುದರಿಂದ, ಶ್ರುತಿ ಹಾಕಿಕೊಂಡು ಹಾಡಲು ಅಡ್ಡಿಯಿಲ್ಲದಿದ್ದರೂ, ಕೀಬೋರ್ಡ್ ಆ್ಯಪ್ ನುಡಿಸುವಾಗ ಬೆರಳಿಗೂ ಸ್ವರಕ್ಕೂ ಹೊಂದಿಕೆ ತಪ್ಪುತ್ತದೆ.

ಪಾರ್ಟಿಬೂಸ್ಟ್ ಎಂಬ ಜೆಬಿಎಲ್‌ನ ಜೋಡಣೆ ಸೌಲಭ್ಯದ ಮೂಲಕ ಇಂಥ ಎರಡು ಸ್ಪೀಕರ್‌ಗಳನ್ನು ಜೋಡಿಸಿ ಸ್ಟೀರಿಯೊ ಮಾಡಿಕೊಳ್ಳಬಹುದು. ಆದರೆ ಮನೆಯಲ್ಲೇ ಕುಳಿತು ಕಛೇರಿ ಕೇಳುವುದು ಉದ್ದೇಶವಾಗಿದ್ದರೆ, ಆ ದುಪ್ಪಟ್ಟು ಹಣಕ್ಕೆ ತಂತಿ ಜೋಡಿಸುವ ಒಂದು ಜೊತೆ ಶೆಲ್ಫ್ ಸ್ಪೀಕರ್‌ಗಳನ್ನು ಕೊಳ್ಳುವುದನ್ನೇ ನಾನು ಆರಿಸುತ್ತೇನೆ.