ಊರಿಗೊಂದೇ ಡೇರಿ

ಪತ್ರಿಕೋದ್ಯಮ ಪಾಠ ಮಾಡಲು ಬರುವ ಮುಂಚೆ ನಾನು ತುಮಕೂರಿನಲ್ಲಿ ವರದಿಗಾರನಾಗಿದ್ದೆ. ಆಗ ಬರೆದ ಒಂದು ಸುದ್ದಿಯ ಕಟಿಂಗ್ ಇನ್ನೂ ಫೈಲಿನಲ್ಲಿದೆ. ಒಳಪುಟದಲ್ಲಿ ಹತ್ತು ಸಾಲು, ಬಾಲಕಿಯೊಬ್ಬಳ ಮೇಲಿನ ದೌರ್ಜನ್ಯದ ಕೇಸು. ಹೆಸರು ಹಾಕಬಾರದು ಅಂತ ಗೊತ್ತಿತ್ತು, ಹಾಕಿರಲಿಲ್ಲ. ಊರು, ಒಂಬತ್ತನೇ ತರಗತಿ, ‘ಹಾಲಿನ ಡೇರಿ ಕಾರ್ಯದರ್ಶಿಯ ಪುತ್ರಿ’, ಇಷ್ಟು ಬರೆದಿದ್ದೆ.

ಮೂರನೇ ದಿನ ಆ ತಂದೆ ಕಚೇರಿಗೆ ಬಂದರು. ಜಗಳವಾಡಲಿಲ್ಲ. ನಾಲ್ಕಾಗಿ ಮಡಚಿದ ಪೇಪರನ್ನು ಟೇಬಲ್ ಮೇಲಿಟ್ಟು, "ಹೆಸರೊಂದು ಬಿಟ್ಟಿದ್ದೀರಿ ಸ್ವಾಮಿ, ಇನ್ನೇನು ಉಳಿಸಿದ್ದೀರಿ?" ಅಂದರು. ಹೆಸರು ಹಾಕದಿದ್ದರೆ ಸಾಕು ಅಂತ ಅವರಿಗೇ ಕಾನೂನು ಹೇಳಲು ಹೋದೆ.

ಆಮೇಲೆ ಕುಳಿತು ಓದಿದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೋ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ವಿಳಾಸ, ಫೋಟೊ, ಮನೆಯವರ ವಿವರ, ಶಾಲೆ, ನೆರೆಹೊರೆ, ಗುರುತು ಸಿಗುವ ಯಾವುದನ್ನೂ ಬರೆಯುವಂತಿಲ್ಲ. ತಪ್ಪಿದರೆ ಆರು ತಿಂಗಳಿಂದ ಒಂದು ವರ್ಷ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಪತ್ರಿಕೆಯ ಮಾಲೀಕರೂ ಹೊಣೆ.

ಮೇಷ್ಟ್ರಾದ ಹೊಸದರಲ್ಲಿ ಈ ಸೆಕ್ಷನ್ನನ್ನು ಪರೀಕ್ಷೆಗೆ ಕೇಳುತ್ತಿದ್ದೆ. ಎಲ್ಲರೂ ಚೆನ್ನಾಗಿ ಬರೆಯುತ್ತಿದ್ದರು. ಅದೇ ಮಕ್ಕಳು ಪ್ರಾಯೋಗಿಕ ಪತ್ರಿಕೆಗೆ ಕೊಟ್ಟ ಸುದ್ದಿಯಲ್ಲಿ ‘ಬಸ್ ಸ್ಟ್ಯಾಂಡ್ ಎದುರಿನ ಬೇಕರಿ ಮಾಲೀಕನ ಮಗಳು’ ಇರುತ್ತಿದ್ದಳು.

ಈಗ ಒಂದು ಕಟ್ಟುಸುದ್ದಿ ಕೊಟ್ಟು ‘ಮನೆ ಹುಡುಕಿ’ ಅನ್ನುತ್ತೇನೆ. ಹಳೇ ಕಟಿಂಗನ್ನು ಕ್ಲಾಸಿಗೆ ಒಯ್ಯುವುದಿಲ್ಲ, ಇಲ್ಲೂ ತಾಲ್ಲೂಕು ಹೇಳುವುದಿಲ್ಲ. ಜಿಲ್ಲೆಯ ಹತ್ತೂ ತಾಲ್ಲೂಕಿನ ಮಕ್ಕಳು ನನ್ನೆದುರು ಕೂತಿರುತ್ತಾರೆ. ಕಳೆದ ವರ್ಷ ಕಟ್ಟುಸುದ್ದಿಯಲ್ಲಿದ್ದ ಡೇರಿಯ ಸಾಲು ಓದುತ್ತಿದ್ದ ಹಾಗೇ ಹಿಂದಿನ ಬೆಂಚಿನ ಹುಡುಗಿ, "ಸಾರ್, ಊರಿಗೊಂದೇ ಡೇರಿ, ಡೇರಿಗೊಬ್ಬರೇ ಸೆಕ್ರೆಟರಿ. ಬೆಳಿಗ್ಗೆ ಹಾಲು ಹಾಕೋಕೆ ಹೋದೋರಿಗೆಲ್ಲ ಗೊತ್ತಾಗಿರುತ್ತೆ" ಅಂದಳು. ನನಗೆ ಅಷ್ಟು ವರ್ಷ ಹಿಡಿದದ್ದು ಅವಳಿಗೆ ಅರ್ಧ ನಿಮಿಷ. ಅವರ ಮನೇಲಿ ಹಸು ಇವೆ!

ಆಮೇಲೆ ಒಂದೊಂದೇ ಸಾಲು ಹೊಡೆದುಹಾಕುತ್ತೇವೆ. ಜಗಳ ಶುರುವಾಗುವುದು ಆರೋಪಿ ಸೋದರಮಾವನಾಗಿದ್ದಾಗ. ಅವನ ಹೆಸರು ಹಾಕಿದರೆ ಹುಡುಗಿಯೂ ಸಿಕ್ಕಿಬೀಳುತ್ತಾಳೆ. "ಹೆಸರು ಬಿಟ್ರೆ ಅವನನ್ನ ಕಾಪಾಡಿದ ಹಾಗಲ್ವಾ ಸಾರ್?" ನ್ಯಾಯವಾದ ಪ್ರಶ್ನೆಯೇ. ಬಿಡಬೇಕು ಅಂತ ನಾನಂತೂ ಹೇಳುತ್ತೇನೆ. ಒಪ್ಪದವರು ಪ್ರತಿ ವರ್ಷ ಇಬ್ಬರಾದರೂ ಇರುತ್ತಾರೆ.

ಎಲ್ಲ ಹೊಡೆದ ಮೇಲೆ ಉಳಿಯುವುದು ಮೂರು ಸಾಲು. "ಸುದ್ದಿನೇ ಉಳಿಲಿಲ್ಲವಲ್ಲ" ಅನ್ನುತ್ತಾರೆ. ಜಾಗ ಉಳಿಯಿತಲ್ಲ ಅನ್ನುತ್ತೇನೆ. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಿದರಾ? ಕೋರ್ಟು ಕೇಸನ್ನು ಕೈಗೆತ್ತಿಕೊಂಡ 30 ದಿನದೊಳಗೆ ಮಗುವಿನ ಸಾಕ್ಷ್ಯ ದಾಖಲಾಗಬೇಕು, ಆಯಿತಾ? ಆದಷ್ಟೂ ಒಂದು ವರ್ಷದಲ್ಲಿ ವಿಚಾರಣೆ ಮುಗಿಯಬೇಕು, ಜಿಲ್ಲೆಯಲ್ಲಿ ಹಾಗೆ ಮುಗಿದವು ಎಷ್ಟು? ಹೋಗಿ ಕೇಳಿಕೊಂಡು ಬನ್ನಿ ಅಂತ ಕಳಿಸುತ್ತೇನೆ.

ನನ್ನ ಕಟಿಂಗಿನಲ್ಲಿ ಇವುಗಳಲ್ಲಿ ಒಂದಕ್ಕೂ ಉತ್ತರವಿಲ್ಲ. ಆವತ್ತು ಸ್ಟೇಷನ್ನಿಗೆ ಹೋಗಿ ಎಫ್‌ಐಆರ್ ನೋಡಿ ಬರೆದುಕೊಂಡು ಬಂದಿದ್ದೆ, ಅಷ್ಟೇ.