ಮಣ್ಣಿನ ಮನೆ ಕಟ್ಟುವ ಆಸೆಯಿದ್ದರೆ ಮಳೆಗಾಲದಲ್ಲೇ ಮಲೆನಾಡಿಗೆ ಹೋಗಿ

ನಾವು ನಾಲ್ಕು ಕುಟುಂಬದವರು ಸೇರಿ ಶಿವಮೊಗ್ಗ ಜಿಲ್ಲೆಯ ಸಾಗರ ಊರಿನ ಹತ್ತಿರ ಸ್ವಲ್ಪ ಜಾಗ ತಗೊಂಡಿದ್ದೇವೆ. ಒಂದೇ ಅಂಗಳಕ್ಕೆ ನಾಲ್ಕು ಮಣ್ಣಿನ ಮನೆ ಕಟ್ಟುವ ಆಸೆ. ನಕ್ಷೆ ಬರೆಸುವ ಮೊದಲು ಹಳೇ ಮನೆಗಳನ್ನು ನೋಡಿ ಬರೋಣ ಅಂತ ಆಗಸ್ಟ್‌ನಲ್ಲಿ ಮೂರು ದಿನ ಹೊರಟೆವು. ಈ ಮಳೆಯಲ್ಲಿ ಯಾಕೆ ಅಂತ ಎಲ್ಲರೂ ಕೇಳಿದರು. ಬೇಸಿಗೆಯಲ್ಲಿ ಯಾವ ಮಣ್ಣಿನ ಮನೆ ನೋಡಿದರೂ ಚೆಂದವೇ ಅಲ್ವಾ? ಗೋಡೆಯ ಯೋಗ್ಯತೆ ಗೊತ್ತಾಗುವುದು ಶ್ರಾವಣದಲ್ಲಿ.

ಶಿವಮೊಗ್ಗದವರೆಗೆ ರಾತ್ರಿ ರೈಲು, ಅಲ್ಲಿಂದ ಬಾಡಿಗೆ ಕಾರು. ತೀರ್ಥಹಳ್ಳಿಗೆ ಸುಮಾರು 60 ಕಿಲೋಮೀಟರ್. ಅಲ್ಲಿಂದ ಕೊಪ್ಪದ ರಸ್ತೆಯಲ್ಲಿ ಹೋದರೆ ಕುಪ್ಪಳಿ. ಕುವೆಂಪು ಅವರ ಕವಿಮನೆಗೆ ಹೋದವರು ಸಾಮಾನ್ಯವಾಗಿ ವಸ್ತುಗಳನ್ನು ನೋಡಿ ಹೊರಟುಬಿಡುತ್ತಾರೆ. ನೀವು ಜಗುಲಿಯಲ್ಲಿ ಅರ್ಧ ಗಂಟೆ ಸುಮ್ನೆ ನಿಲ್ಲಿ. ಹಂಚಿನ ಮೇಲಿನ ನೀರು ಒಳಅಂಗಳಕ್ಕೆ ಬೀಳುತ್ತದೆ. ಸೂರು ಗೋಡೆಯಿಂದ ಎಷ್ಟು ಮುಂದಕ್ಕೆ ಚಾಚಿದೆ, ಬಿದ್ದ ನೀರು ಎಲ್ಲಿ ಹೋಗುತ್ತದೆ, ಅದನ್ನು ನೋಡಿ. ಅಷ್ಟು ಮಳೆ ಸುರಿಯುತ್ತಿದ್ದರೂ ಜಗುಲಿಯ ಕಂಬದ ಬುಡ ಒಣಗಿಯೇ ಇತ್ತು. ನನಗೆ ಇಡೀ ಪ್ರವಾಸದ ಮುಖ್ಯ ಪಾಠ ಅದೇ.

ಕವಲೇದುರ್ಗದ ಕೋಟೆ ಹತ್ತುವಾಗ ಕಲ್ಲು ಜಾರುತ್ತದೆ, ಒಳ್ಳೆ ಹಿಡಿತದ ಚಪ್ಪಲಿ ಬೇಕು. ಉಂಬಳ (ಜಿಗಣೆ) ಜಾಸ್ತಿ, ಉಪ್ಪಿನ ಪೊಟ್ಟಣ ಇಟ್ಟುಕೊಳ್ಳಿ. ಕೆಳದಿ ಅರಸರ ಅರಮನೆಯ ಅಡಿಪಾಯ, ಕಲ್ಲಿನ ಒಲೆ, ಬಚ್ಚಲಿನ ನೀರು ಹೋಗುವ ಕಾಲುವೆ ಈಗಲೂ ಕಾಣುತ್ತವೆ. ಗೋಡೆ, ಮಾಡು ಹೋಗಿವೆ, ನೀರಿನ ದಾರಿ ಉಳಿದಿದೆ.

ಆ ರಾತ್ರಿ ತಂಗಿದ ಹೋಂಸ್ಟೇ ಮಾತ್ರ ಬೇಸರ ತರಿಸಿತು. ಪರಿಸರಸ್ನೇಹಿ ಅಂತ ಬೋರ್ಡು ಹಾಕಿದ್ದರು. ಗೋಡೆ ಮಣ್ಣಿನದೇ, ಆದರೆ ಮೇಲೆ ಚಪ್ಪಟೆ ಆರ್‌ಸಿಸಿ, ಸೂರು ಒಂದು ಅಡಿಯೂ ಇಲ್ಲ. ಮಂಚದ ಪಕ್ಕದ ಗೋಡೆ ಒದ್ದೆಯಾಗಿ ಹೊರಗಿನ ಸಿಮೆಂಟ್ ಗಾರೆ ಹಪ್ಪಳದ ಹಾಗೆ ಎದ್ದಿತ್ತು. ಮಣ್ಣು ಉಸಿರಾಡಬೇಕು, ಅದರ ಮೇಲೆ ಸಿಮೆಂಟ್ ಬಳಿದರೆ ಒಳಗೆ ಹೋದ ನೀರು ಹೊರಗೆ ಬರುವುದಿಲ್ಲ. ಬುಕ್ ಮಾಡುವ ಮೊದಲು ಮಾಡಿನ ಫೋಟೋ ಕೇಳಿ.

ಮರುದಿನ ಹೊಸನಗರದ ಮೇಲೆ ಸಾಗರಕ್ಕೆ, ಅಲ್ಲಿಂದ ಹೆಗ್ಗೋಡಿಗೆ. ನೀನಾಸಂ ನಾಟಕ ಸಂಸ್ಥೆ ಇರುವ ಊರು. ಪಕ್ಕದ ಭೀಮನಕೋಣೆಯಲ್ಲಿ 'ಚರಕ' ಎಂಬ ಮಹಿಳೆಯರ ಕೈಮಗ್ಗ ಸಂಘದವರು ಅಡಿಕೆ ಬೇಯಿಸಿದ ಚೊಗರಿನಲ್ಲಿ ಬಟ್ಟೆಗೆ ಬಣ್ಣ ಹಾಕುತ್ತಾರೆ, ನೋಡಿ ಬನ್ನಿ. ಆದರೆ ನಾವು ಹೆಚ್ಚು ಹೊತ್ತು ಕಳೆದದ್ದು ಪರಿಚಯದವರೊಬ್ಬರ ಕೇರಿಯಲ್ಲಿ. ಸಾಲಾಗಿ ಮನೆಗಳು, ಅಂಗಳಕ್ಕೆ ಅಂಗಳ ಸೇರಿದೆ. ಸುಗ್ಗಿಯಲ್ಲಿ ಅಡಿಕೆ ಒಣಗಿಸಲು ಅಲ್ಲೇ ಚಪ್ಪರ ಹಾಕುತ್ತಾರೆ. ಮನೆಯ ಅಜ್ಜಿ ಗಾಳಿಮಳೆ ಬಡಿಯುವ ಕಡೆ ಕಟ್ಟಿದ್ದ ಅಡಿಕೆ ಗರಿಯ ಸೋಗೆ ತಟ್ಟಿಯನ್ನು ತೋರಿಸಿದರು. "ತಮಾ, ಇದನ್ನ ವರ್ಷಾ ಹೊಸದಾಗಿ ಕಟ್ಟಬೇಕು. ಒಬ್ರ ಕೈಲಿ ಆಗೋದಲ್ಲ" ಅಂದರು. ಮೊದಲು ಮುಯ್ಯಾಳಿನ ಲೆಕ್ಕದಲ್ಲಿ ಕೆಲಸ ಸಾಗುತ್ತಿತ್ತಂತೆ. ಇವತ್ತು ನಿಮ್ಮ ಮನೆಗೆ ನಾವು, ನಾಳೆ ನಮ್ಮ ಮನೆಗೆ ನೀವು. ಒಳಗೆ ಹಲಗೆಯ ಮೇಲೆ ಮಣ್ಣು ಹಾಸಿದ ಮುಚ್ಚಿಗೆ, ಅಂದರೆ ಮಾಡಿನ ಕೆಳಗಿನ ಒಳಛಾವಣಿ, ಇತ್ತು. ಮಳೆಯ ಸದ್ದೇ ಕೇಳಿಸಲಿಲ್ಲ.

ಹಾಗಾಗಿ ಒಟ್ಟಿಗೆ ಮನೆ ಕಟ್ಟುವವರು ವಿನ್ಯಾಸಕ್ಕಿಂತ ಮೊದಲು ಇದನ್ನು ಮಾತಾಡಿಕೊಳ್ಳಿ: ವರ್ಷವರ್ಷವೂ ಹಂಚು ಕೈಯಾಡಿಸುವವರು ಯಾರು, ಚರಂಡಿ ಬಿಡಿಸುವವರು ಯಾರು? ನಾವು ನಾಲ್ಕು ಮನೆಯವರು ಮೇ ತಿಂಗಳ ಒಂದು ವಾರವನ್ನು ಇದಕ್ಕೇ ಇಡೋಣ ಅಂತ ಅಲ್ಲೇ ಜಗುಲಿಯಲ್ಲಿ ಕೂತು ಬರೆದುಕೊಂಡೆವು. ಅಡಿಪಾಯಕ್ಕೆ ಜಂಬಿಟ್ಟಿಗೆ ಕಲ್ಲು (ಕೆಂಪು ಮುರಕಲ್ಲು), ಗೋಡೆಗೆ ಮಣ್ಣಿನ ಬ್ಲಾಕ್. ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿ, ಸುಡದೆ, ಮೂರು ವಾರ ನೀರು ಹಾಕಿ ಹದ ಮಾಡುವ ಬ್ಲಾಕ್ ಅದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ, ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನದ 'ಅಸ್ತ್ರ' ತಂಡ ಇದರ ಮೇಲೆ ಬಹಳ ಕೆಲಸ ಮಾಡಿದೆ.

ವಾಪಸ್ ಹೊರಡುವಾಗ ನಮ್ಮ ಜಾಗದ ಮಣ್ಣನ್ನು ಗಾಜಿನ ಬಾಟಲಿಗೆ ಹಾಕಿಕೊಂಡು ಬಂದೆ. ನೀರು ತುಂಬಿ ಚೆನ್ನಾಗಿ ಅಲ್ಲಾಡಿಸಿ ಒಂದು ದಿನ ಇಟ್ಟರೆ ಮರಳು ಕೆಳಗೆ, ಜೇಡಿ ಮೇಲೆ ಬೇರೆಬೇರೆಯಾಗಿ ಕೂರುತ್ತದೆ. ಜೇಡಿ ಜಾಸ್ತಿಯಿದ್ದರೆ ಮರಳು ಬೆರೆಸಬೇಕು. ನೀವು ಹೋಗುವಾಗಲೂ ಒಂದು ಖಾಲಿ ಬಾಟಲಿ ಇಟ್ಟುಕೊಂಡಿರಿ.